ಮಾದೇವಿಯ ಕುದುರೆ

ಕಪಿಲೆಯ ದಡದಲ್ಲಿ ಒಂದು ಆಶ್ರಮ ಇತ್ತು. ದೊಡ್ಡದೇನಲ್ಲ. ಒಂದು ಹಜಾರ, ಒಂದು ಅಡುಗೆಮನೆ, ಹೊಳೆಗೆ ಇಳಿಯುವ ಮೆಟ್ಟಿಲು. ಕಥೆಗೆ ಅಷ್ಟಿದ್ದರೆ ಸಾಕಲ್ಲವೇ.

ಅಲ್ಲಿದ್ದ ಗುರುವಿನ ಹೆಸರು ಚನ್ನವೀರಯ್ಯ. ಆ ಕಡೆಯವರು ಗುರುಗಳನ್ನು 'ಬುದ್ಧಿ' ಎಂದು ಕರೆಯುತ್ತಾರೆ. ಈ ಬುದ್ಧಿಯವರು ಮಕ್ಕಳಿಗೆ ಮಂತ್ರ ಹೇಳಿಕೊಡುತ್ತಿರಲಿಲ್ಲ. ಚದುರಂಗ ಹೇಳಿಕೊಡುತ್ತಿದ್ದರು.

"ಇದೇನು ಬುದ್ಧಿ, ಆಶ್ರಮದಲ್ಲಿ ಆಟ?" ಎಂದು ಬಂದವರು ಕೇಳುವರು.

"ಕೂತ ಕಡೆ ಕೂರೋದನ್ನ ಕಲಿಸ್ತಿದೀನಪ್ಪ. ಜಪಮಣಿ ಕೊಟ್ಟರೆ ಈ ಮಕ್ಕಳು ನಿದ್ದೆ ಹೊಡೀತವೆ," ಎನ್ನುವರು ಬುದ್ಧಿಯವರು.

ಆ ಮಕ್ಕಳಲ್ಲೆಲ್ಲ ಇಬ್ಬರು ಹುಡುಗಿಯರು ಗಟ್ಟಿಗರು. ಒಬ್ಬಳು ಶಾಂಭವಿ, ಒಬ್ಬಳು ಮಾದೇವಿ. ಒಂದೇ ಚಾಪೆಯ ಮೇಲೆ ಮಲಗಿ, ಒಬ್ಬಳ ಜಡೆಯನ್ನು ಇನ್ನೊಬ್ಬಳು ಹೆಣೆದು ಬೆಳೆದವರು.

ಶಾಂಭವಿ ಆಡುವುದು ಅಕ್ಕಿ ಆರಿಸಿದ ಹಾಗೆ. ಒಂದು ಕಲ್ಲೂ ಉಳಿಯಬಾರದು. ಮಾದೇವಿ ಆಡುವುದು ಒಗ್ಗರಣೆ ಹಾಕಿದ ಹಾಗೆ. ಚಟ್ ಎಂದರೆ ಮನೆಯೆಲ್ಲ ಘಮ್ ಎನ್ನಬೇಕು.

ಆದರೆ ಮಾದೇವಿಗೆ ಒಂದು ಕೆಟ್ಟ ಮರೆವಿತ್ತು. ಅದನ್ನು ಹೇಳುವ ಮೊದಲು ಗಡಿಯಾರದ ವಿಷಯ ಹೇಳಬೇಕು.

ಪಂದ್ಯದ ಚದುರಂಗಕ್ಕೆ ಹಲಗೆಯ ಪಕ್ಕದಲ್ಲಿ ಒಂದು ಗಡಿಯಾರ ಇಡುತ್ತಾರೆ. ಅದಕ್ಕೆ ಎರಡು ಮುಖ, ಆಡುವವರಿಗೆ ಒಂದೊಂದು. ನಿಮ್ಮ ಕಾಯಿ ನಡೆಸಿದ ಮೇಲೆ ನಿಮ್ಮ ಕಡೆಯ ಗುಂಡಿ ಒತ್ತಬೇಕು. ಆಗ ನಿಮ್ಮ ಮುಖ ನಿಲ್ಲುತ್ತದೆ, ಎದುರಿನವರದು ಓಡಲು ಹಿಡಿಯುತ್ತದೆ. ಕೊಟ್ಟ ಹೊತ್ತು ಮುಗಿಯಿತೋ, ಮುಖದ ಮೇಲೆ ಮುಳ್ಳು ಎತ್ತಿ ಹಿಡಿದ ಒಂದು ಸಣ್ಣ ಕೆಂಪು ಬಾವುಟ ಕೆಳಗೆ ಬೀಳುತ್ತದೆ. ಬಾವುಟ ಬಿದ್ದವರು ಸೋತರು. ಹಲಗೆಯ ಮೇಲೆ ಎಷ್ಟೇ ಚೆನ್ನಾಗಿ ಆಡಿರಲಿ, ಸೋತರು.

ಮಾದೇವಿ ಗುಂಡಿ ಒತ್ತುವುದನ್ನು ಮರೆಯುತ್ತಿದ್ದಳು. ಯಾವಾಗಲೂ ಅಲ್ಲ. ಸಾಧಾರಣ ನಡೆ ಆಡಿದರೆ ನೆನಪಿರುತ್ತಿತ್ತು. ಚೆಂದದ ನಡೆ ಆಡಿದಳೋ, ಮುಗಿಯಿತು. ಆಗ ತಾನೇ ಹೆತ್ತ ಕೂಸನ್ನು ನೋಡುವವಳ ಹಾಗೆ ಆ ಕಾಯಿಯನ್ನೇ ನೋಡುತ್ತ ಕೂತುಬಿಡುವಳು.

"ಗಡಿಯಾರ ಕಣೇ!" ಎನ್ನುವಳು ಎದುರು ಕೂತ ಶಾಂಭವಿ.

"ಅಯ್ಯೋ ಹೌದಲ್ಲೇ!" ಎಂದು ಇವಳು ಗುಂಡಿ ಕುಟ್ಟುವಳು.

ಒಂದು ದಿನ ಇದು ಬುದ್ಧಿಯವರ ಕಣ್ಣಿಗೆ ಬಿತ್ತು.

"ಶಾಂಭವಿ, ಅವಳಿಗೆ ನೆನಪಿಸಬೇಡ. ಹೊರಗಡೆ ಆಡೋವಾಗ ಯಾರು ನೆನಪಿಸ್ತಾರೆ? ಬಾವುಟ ಬೀಳಲಿ, ಸೋಲಲಿ, ಆಗ ಕಲೀತಾಳೆ."

"ಆಗಲಿ ಬುದ್ಧಿ."

ಮಾರನೆಯ ದಿನದಿಂದ ಶಾಂಭವಿ ಬಾಯಿ ಬಿಡಲಿಲ್ಲ. ಹಲಗೆಯ ಕೆಳಗಿಂದ ಕಾಲ್ಬೆರಳು ಚಾಚಿ ಮಾದೇವಿಯ ಪಾದ ತಿವಿಯುತ್ತಿದ್ದಳು.

ಬುದ್ಧಿಯವರಿಗೆ ಅದೂ ಗೊತ್ತಾಯಿತು. ಗೊತ್ತಾಗದವರ ಹಾಗೆ ಇದ್ದರು.

ಆ ವರ್ಷ ಪಟ್ಟಣದಲ್ಲಿ ರಾಜ್ಯದ ಪಂದ್ಯಾವಳಿ ನಡೆಯಿತು. ಹುಡುಗಿಯರಲ್ಲಿ ಗೆದ್ದವಳಿಗೆ ದೆಹಲಿಗೆ ಹೋಗಿ ದೇಶದ ಪಂದ್ಯದಲ್ಲಿ ಆಡುವ ಜಾಗ. ಒಂದೇ ಜಾಗ. ಮುಂದಿನ ವರ್ಷಕ್ಕೆ ಇಬ್ಬರಿಗೂ ವಯಸ್ಸು ಮೀರುತ್ತಿತ್ತು. ಹೋದರೆ ಈ ಸಲ, ಇಲ್ಲದಿದ್ದರೆ ಇಲ್ಲ.

ಬಸ್ಸಿನಲ್ಲಿ ಹುಡುಗಿಯರಿಬ್ಬರೂ ಹಿಂದಿನ ಸೀಟಿನಲ್ಲಿ ಕೂತಿದ್ದರು.

"ನಾವಿಬ್ಬರೇ ಎದುರಾಬದುರಾ ಬಂದ್ರೆ ಏನೇ ಮಾಡ್ತೀಯ?" ಎಂದಳು ಮಾದೇವಿ.

"ನಿನ್ನ ರಾಜನ ತಿಥಿ ಮಾಡ್ತೀನಿ."

"ಮಾಡು ಮಾಡು. ವಡೆಗೆ ಉದ್ದು ನೆನೆಸಿಡು. ತಿನ್ನೋಳು ನಾನೇ."

ಮುಂದಿನ ಸೀಟಿನಿಂದ ಬುದ್ಧಿಯವರು ತಿರುಗಿದರು. "ಯಾರ ತಿಥಿ ಆದರೂ ಆಗಲಿ, ಜಗಳ ಆಡದೆ ಊಟ ಮಾಡಿ."

ಇಬ್ಬರೂ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕರು.

ಬಾಯಲ್ಲಿ ಬಂದದ್ದು ಹಾಗೇ ಆಯಿತು. ಉಳಿದವರನ್ನೆಲ್ಲ ಸೋಲಿಸಿ ಕೊನೆಯ ಸುತ್ತಿಗೆ ಇವರಿಬ್ಬರೇ ಎದುರಾದರು. ಗೆದ್ದವಳು ದೆಹಲಿಗೆ.

ದೊಡ್ಡ ಹಾಲು. ಒಂದು ಮೇಜು, ಎರಡು ಕುರ್ಚಿ, ನಡುವೆ ಹಲಗೆ. ಸುತ್ತ ಹಗ್ಗ ಕಟ್ಟಿದ್ದರು. ಹಗ್ಗದ ಆಚೆ ನೋಡುವವರು. ನೋಡುವವರು ಒಂದು ಮಾತೂ ಆಡುವ ಹಾಗಿಲ್ಲ, ಕೆಮ್ಮಿದರೂ ತೀರ್ಪುಗಾರರು ಕಣ್ಣು ಬಿಡುತ್ತಿದ್ದರು. ಬುದ್ಧಿಯವರು ಹಗ್ಗಕ್ಕೆ ತಾಗಿದಂತೆ ಕೂತಿದ್ದರು.

ಆಟ ಸಮಸಮವಾಗಿ ನಡೆಯಿತು. ಶಾಂಭವಿ ಒಂದೊಂದೇ ಕಲ್ಲು ಆರಿಸುತ್ತ ಬಂದಳು. ಮಾದೇವಿ ಒಗ್ಗರಣೆಗೆ ಎಣ್ಣೆ ಕಾಯಿಸುತ್ತಲೇ ಇದ್ದಳು.

ಕಾದಿತು ಎಂದು ಕಾಣುತ್ತದೆ. ಕುದುರೆಯನ್ನು ಎತ್ತಿದಳು, ಶಾಂಭವಿಯ ಆನೆಯ ಬಾಯಿಗೇ ತಂದು ಇಟ್ಟಳು.

ಹಗ್ಗದ ಆಚೆ ಯಾರೋ ಉಸಿರು ಎಳೆದುಕೊಂಡರು.

ಕಡಿಯಬಹುದಿತ್ತು. ಪುಕ್ಕಟೆ ಕುದುರೆ. ಆದರೆ ಶಾಂಭವಿಯ ರಾಜ ಮೂಲೆಯಲ್ಲಿದ್ದ, ಮುಂದೆ ತನ್ನದೇ ಕಾಲಾಳುಗಳು ಗೋಡೆಯ ಹಾಗೆ ನಿಂತಿದ್ದವು. ಹಿಂದಿನ ಸಾಲನ್ನು ಕಾಯುತ್ತಿದ್ದದ್ದು ಅದೊಂದೇ ಆನೆ. ಕುದುರೆಯ ಆಸೆಗೆ ಅದು ಕದಲಿತೋ, ಮಾದೇವಿಯ ಆನೆ ನೇರ ಒಳಗೆ ನುಗ್ಗುತ್ತಿತ್ತು. ರಾಜನಿಗೆ ಓಡಲು ಒಂದು ಮನೆಯೂ ಇಲ್ಲ. ಕಡಿಯದಿದ್ದರೆ, ಗಂಟಲಲ್ಲಿ ಸಿಕ್ಕ ಮೀನಿನ ಮುಳ್ಳಿನ ಹಾಗೆ ಕುದುರೆ ಅಲ್ಲೇ ಕೂತಿರುತ್ತದೆ.

ದೆಹಲಿ ಹೋಯಿತು ಎಂದುಕೊಂಡಳು ಶಾಂಭವಿ.

ಆಗ ಅವಳ ಕಣ್ಣು ಗಡಿಯಾರದ ಮೇಲೆ ಬಿತ್ತು.

ಮಾದೇವಿ ಗುಂಡಿ ಒತ್ತಿರಲಿಲ್ಲ.

ಓಡುತ್ತಿದ್ದದ್ದು ಮಾದೇವಿಯ ಕಡೆಯ ಮುಖ. ಅದರಲ್ಲಿ ಬಹಳ ಹೊತ್ತೇನೂ ಉಳಿದಿರಲಿಲ್ಲ. ಮಾದೇವಿ ಮಾತ್ರ ತನ್ನ ಕುದುರೆಯನ್ನೇ ನೋಡುತ್ತ ಕೂತಿದ್ದಳು.

ಶಾಂಭವಿಯ ತುಟಿ ತೆರೆಯಿತು. ಅಭ್ಯಾಸ ನೋಡಿ, ತಾನಾಗಿ ತೆರೆಯಿತು.

ಆಮೇಲೆ ಮುಚ್ಚಿತು.

ಮೇಜಿನ ಕೆಳಗೆ ಮಾದೇವಿಯ ಪಾದ ಹತ್ತಿರದಲ್ಲೇ ಇತ್ತು. ಶಾಂಭವಿ ತನ್ನ ಕಾಲನ್ನು ಕುರ್ಚಿಯ ಅಡಿಗೆ ಎಳೆದುಕೊಂಡಳು. ಬೆನ್ನು ನೆಟ್ಟಗೆ ಮಾಡಿದಳು. ಕೈಗಳನ್ನು ಮಡಿಲಲ್ಲಿ ಜೋಡಿಸಿದಳು. ಕಣ್ಣನ್ನು ಹಲಗೆಯ ಮೇಲೆ ನೆಟ್ಟಳು. ಬುದ್ಧಿಯವರು ಕೂರಲು ಕಲಿಸಿದ್ದು ಹೇಗೋ ಹಾಗೇ, ಒಂದು ಕೂದಲೂ ಅಲುಗದಂತೆ ಕೂತಳು.

ಮಾದೇವಿ ತಲೆ ಎತ್ತಿದಳು. ಗೆಳತಿ ಯೋಚನೆ ಮಾಡುತ್ತಿದ್ದಾಳೆ.

ಪಾಪ, ಅವಳಿಗೆ ಎಷ್ಟು ಸಂತೋಷವಾಯಿತೆಂದರೆ! ಶಾಂಭವಿಯಂಥ ಶಾಂಭವಿಯೇ ಕಲ್ಲಿನ ಹಾಗೆ ಕೂತುಬಿಟ್ಟಳಲ್ಲ, ತನ್ನ ಒಂದು ನಡೆಗೆ. ಅವಳ ಯೋಚನೆಗೆ ಭಂಗ ಬರಬಾರದೆಂದು ಮಾದೇವಿ ಕುರ್ಚಿಯಲ್ಲಿ ಮಿಸುಕಲಿಲ್ಲ. ಬಾಯಾರಿತ್ತು, ನೀರಿನ ಲೋಟ ಎತ್ತಿದರೆ ಸದ್ದಾಗುತ್ತದೆಂದು ಎತ್ತಲಿಲ್ಲ. ಕೆಮ್ಮು ಬಂತು, ಸೆರಗಿನಲ್ಲಿ ಅದುಮಿಕೊಂಡಳು. ಗೆಳತಿಯ ಮುಖವನ್ನೇ ನೋಡುತ್ತಿದ್ದಳು. ಗಡಿಯಾರದ ಕಡೆ ನೋಡಲೇ ಇಲ್ಲ.

ಇಬ್ಬರೂ ಹಾಗೇ ಕೂತರು, ಬಹಳ ಹೊತ್ತು.

ಮುಳ್ಳು ಮೇಲೇರಿತು. ಕೆಂಪು ಬಾವುಟವನ್ನು ಮೆಲ್ಲಗೆ ಎತ್ತಿತು. ಹಗ್ಗದ ಆಚೆ ಬುದ್ಧಿಯವರು ಹೆಗಲ ಮೇಲಿನ ಪಂಚೆಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡರು.

ಬಾವುಟ ಬಿತ್ತು.

ಶಾಂಭವಿ ಕೈ ಎತ್ತಿದಳು. "ಸಮಯ," ಎಂದಳು.

ತೀರ್ಪುಗಾರರು ಬಂದು ಗಡಿಯಾರ ನೋಡಿದರು, ನಿಲ್ಲಿಸಿದರು. ಮಾದೇವಿಗೆ ಅರ್ಥವಾಗಲಿಲ್ಲ. ಮೊದಲು ಗಡಿಯಾರದಲ್ಲಿ ಶಾಂಭವಿಯ ಕಡೆಯ ಮುಖವನ್ನು ನೋಡಿದಳು, ಬಾವುಟ ಬಿದ್ದಿರಲಿಲ್ಲ. ಆಮೇಲೆ ತನ್ನದನ್ನು ನೋಡಿದಳು.

"ಅಯ್ಯೋ," ಎಂದಳು. ಹಣೆ ಚಚ್ಚಿಕೊಂಡಳು. "ಅಯ್ಯೋ, ನನ್ನ ತಲೆಗಿಷ್ಟು. ಒತ್ತೇ ಇಲ್ವಲ್ಲೇ ನಾನು."

ಹಗ್ಗದ ಆಚೆ ಒಬ್ಬ ಹೆಂಗಸು ಪಕ್ಕದವಳಿಗೆ ಹೇಳಿದಳು, "ಆ ಹುಡುಗಿ ಗಡಿಯಾರ ನೋಡಿದ್ಲು ಕಣ್ರೀ. ನಾನು ನೋಡ್ದೆ. ನೋಡಿಯೇ ಸುಮ್ಮನೆ ಕೂತ್ಲು."

ಮಾದೇವಿ ಗಿರಕ್ಕನೆ ತಿರುಗಿದಳು. ಕಣ್ಣಲ್ಲಿ ನೀರಿತ್ತು, ಆದರೂ ದನಿ ಗಟ್ಟಿಯಾಗಿತ್ತು.

"ಅವಳು ನೋಡಿಲ್ಲ. ಯೋಚನೇಲಿದ್ಲು. ನಮ್ಮ ಶಾಂಭವಿ ವಿಷಯ ನಿಮಗೇನು ಗೊತ್ತು ಅಂತ ಮಾತಾಡ್ತೀರಿ?"

ಶಾಂಭವಿ ತಲೆ ಬಗ್ಗಿಸಿ ಕಾಯಿಗಳನ್ನು ಡಬ್ಬಿಗೆ ತುಂಬುತ್ತಿದ್ದಳು.

ಹಿಂದಿರುಗುವಾಗ ಬಸ್ಸಿನಲ್ಲಿ ಶಾಂಭವಿಯ ಕೊರಳಲ್ಲಿ ಪದಕವಿತ್ತು. ಅವಳು ಅದನ್ನು ತೆಗೆದು ಮಡಿಲಲ್ಲಿ ಇಟ್ಟುಕೊಂಡಳು.

"ಯಾಕೆ ತೆಗ್ದೆ? ಹಾಕ್ಕೋ, ಚೆನ್ನಾಗಿದೆ," ಎಂದಳು ಮಾದೇವಿ.

"ಕುತ್ತಿಗೆ ಒತ್ತುತ್ತೆ."

ಸ್ವಲ್ಪ ದೂರ ಹೋದ ಮೇಲೆ ಮಾದೇವಿ ಮತ್ತೆ ಬಾಯಿ ತೆರೆದಳು. "ಶಾಂಭವಿ, ನಿನ್ನ ಒಳ್ಳೇ ಆಟ ಕೆಡಿಸಿಬಿಟ್ಟೆ ಕಣೇ ನಾನು. ಗೆದ್ದರೂ ನಿನಗೆ ರುಚಿ ಇಲ್ಲದ ಹಾಗಾಯ್ತು. ಬೇಜಾರು ಮಾಡ್ಕೋಬೇಡ."

ಶಾಂಭವಿ ಕಿಟಕಿಗೆ ತಲೆ ಒರಗಿಸಿ ಕಣ್ಣು ಮುಚ್ಚಿದ್ದಳು.

"ನಿದ್ದೆ ಬಂತಾ? ಬಾರದೆ ಇರುತ್ತಾ. ಎಷ್ಟು ಯೋಚಿಸ್ದೆ!" ಎಂದು ಮಾದೇವಿ ತನ್ನ ಶಾಲನ್ನು ಅವಳಿಗೆ ಹೊದಿಸಿದಳು.

ಆಶ್ರಮಕ್ಕೆ ಬಂದ ಮೇಲೆ ಮಾದೇವಿ ಒಂದು ಸಲ ಅತ್ತಳು. ಹೊಳೆಯ ಕಡೆ ಮುಖ ಮಾಡಿ, ಯಾರಿಗೂ ಕೇಳದಂತೆ ಅತ್ತಳು. ಆಮೇಲೆ ಮುಖ ತೊಳೆದುಕೊಂಡು ಬಂದು ಚಿಕ್ಕ ಮಕ್ಕಳನ್ನು ಸುತ್ತ ಕೂರಿಸಿಕೊಂಡಳು. ಹಲಗೆ ಹಾಸಿ ಆ ಆಟವನ್ನೇ ತೋರಿಸಿದಳು.

"ಇಲ್ಲಿ ಇಟ್ಟೆ ನೋಡ್ರೋ ಕುದುರೇನ. ಆನೆ ಬಾಯಿಗೆ! ನಮ್ಮ ಶಾಂಭವಕ್ಕ ಅಲ್ಲಾಡದೆ ಕೂತುಬಿಟ್ಲು. ಅವಳನ್ನ ಅಷ್ಟು ಹೊತ್ತು ಕೂರಿಸೋ ನಡೆ ಇನ್ಯಾರಾದ್ರೂ ಆಡಿದ್ದಾರಾ, ಹೇಳಿ?"

"ಇಲ್ಲಕ್ಕ," ಎಂದವು ಮಕ್ಕಳು.

"ಅಷ್ಟೇ ಮತ್ತೆ," ಎಂದು ಮಾದೇವಿ ನಗುವಳು.

ದಿನಾ ಇದೇ. ಅಡುಗೆಮನೆಯಲ್ಲಿ ಇದೇ, ಬಟ್ಟೆ ಒಗೆಯುವಾಗ ಇದೇ. ಶಾಂಭವಿಯ ಜಡೆ ಹೆಣೆಯುತ್ತ ಶಾಂಭವಿಗೂ ಇದೇ.

ಬುದ್ಧಿಯವರು ಶಾಂಭವಿಯನ್ನು ಕರೆಯಲೂ ಇಲ್ಲ, ಬೈಯಲೂ ಇಲ್ಲ. ಪದಕ ತೋರಿಸು ಎನ್ನಲೂ ಇಲ್ಲ.

ದೆಹಲಿಗೆ ಹೊರಡುವ ದಿನ ಹತ್ತಿರ ಬಂತು. ಒಂದು ಬೆಳಗ್ಗೆ ಶಾಂಭವಿ ತಾನೇ ಹೊಳೆಯ ಮೆಟ್ಟಿಲಿಗೆ ಹೋದಳು. ಬುದ್ಧಿಯವರು ಪಂಚೆ ಜಾಲಿಸುತ್ತಿದ್ದರು.

"ಬುದ್ಧಿ, ಪದಕ ತಂದಿದೀನಿ. ನಿಮ್ಮ ಕೈಯಾರೆ ಕೊರಳಿಗೆ ಹಾಕಿ. ದೆಹಲಿಗೆ ಹೊರಡೋ ಮೊದಲು."

"ಕೈ ಒದ್ದೆ."

ಅವಳು ಕಾದಳು. ಬುದ್ಧಿಯವರು ಪಂಚೆ ಹಿಂಡಿದರು, ಕೊಡವಿದರು, ಕಲ್ಲಿನ ಮೇಲೆ ಹರವಿದರು. ಹೆಗಲ ವಸ್ತ್ರದಲ್ಲಿ ಕೈ ಒರೆಸಿಕೊಂಡರು. ಬಿಸಿಲಿಗೆ ಹಿಡಿದು ನೋಡಿಕೊಂಡರು.

"ಈಗ ಒಣಗ್ತಲ್ಲ ಬುದ್ಧಿ."

"ಒಣಗ್ತು."

ಆದರೆ ಕೈ ಚಾಚಲಿಲ್ಲ. ಮೆಟ್ಟಿಲ ಮೇಲೆ ಕೂತರು.

"ಅಷ್ಟು ಹೊತ್ತು ಏನು ಯೋಚಿಸ್ದೆ?" ಎಂದು ಕೇಳಿದರು.

"ಯಾವತ್ತು ಬುದ್ಧಿ?"

"ಯಾವತ್ತು ಅಂತ ನಿನಗೆ ಗೊತ್ತಿಲ್ಲವಾ?"

"ಅವಳ ಕುದುರೆ ಬಗ್ಗೆ ಯೋಚಿಸ್ದೆ."

"ಏನು ಸಿಕ್ತು?"

ಶಾಂಭವಿ ಪದಕದ ಪಟ್ಟಿಯನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು.

"ಎದುರು ಕೂತವರಿಗೆ ಗಡಿಯಾರ ನೆನಪಿಸಬೇಕು ಅಂತ ನಿಯಮ ಇಲ್ಲ ಬುದ್ಧಿ."

"ಇಲ್ಲ."

"ತೀರ್ಪುಗಾರರೂ ಸರಿ ಅಂದರು."

"ಅಂದರು."

"ನೀವೇ ಹೇಳಿದ್ರಿ, ಅವಳಿಗೆ ನೆನಪಿಸಬೇಡ, ಸೋತು ಕಲೀಲಿ ಅಂತ."

"ಹೇಳಿದ್ದೆ. ಆಗ ನೀನು ನನ್ನ ಮಾತು ಕೇಳಲಿಲ್ಲ. ಹಲಗೆ ಕೆಳಗೆ ಕಾಲು ಚಾಚ್ತಿದ್ದೆ. ನಾನು ನೋಡಿ ಒಳಗೊಳಗೇ ಹಿಗ್ತಿದ್ದೆ." ಬುದ್ಧಿಯವರು ಹೊಳೆಯ ಕಡೆ ನೋಡಿದರು. "ಕೊನೆಗೆ ನನ್ನ ಮಾತು ಕೇಳಿಬಿಟ್ಟೆ."

ಶಾಂಭವಿಯ ಮುಖ ಕೆಂಪಾಯಿತು. ಸಿಟ್ಟು ಬಂತು.

"ನೀವೂ ನೋಡಿದ್ರಿ! ಹಗ್ಗದ ಪಕ್ಕದಲ್ಲೇ ಕೂತಿದ್ರಿ. ಬಾವುಟ ಏಳೋದನ್ನ ನೋಡಿದ್ರಿ. ನೀವ್ಯಾಕೆ ಬಾಯಿ ಬಿಡಲಿಲ್ಲ?"

"ನೋಡೋರು ಮಾತಾಡಬಾರದು ಅಂತ ನಿಯಮ."

"ನಾನೂ ಅದನ್ನೇ ಹೇಳ್ತಿರೋದು ಬುದ್ಧಿ."

"ಹೂಂ. ನೀನೂ ನಿಯಮದಲ್ಲಿದ್ದೆ, ನಾನೂ ನಿಯಮದಲ್ಲಿದ್ದೆ. ಆಟದಲ್ಲಿದ್ದೋಳು ಅವಳೊಬ್ಬಳೇ."

ಹೊಳೆಯಲ್ಲಿ ಯಾವುದೋ ಮೀನು ಹಾರಿ ಬಿತ್ತು.

ಶಾಂಭವಿ ದನಿ ತಗ್ಗಿಸಿದಳು. "ನೀವು ಕಲಿಸಿದ ಹಾಗೇ ಕೂತಿದ್ದೆ ಬುದ್ಧಿ."

"ಅದೇ ನನಗೆ ನುಂಗೋಕೆ ಆಗ್ತಿಲ್ಲ. ಬೆನ್ನು ನೆಟ್ಟಗೆ, ಕೈ ಮಡಿಲಲ್ಲಿ. ನೋಡಿದೋರು ಕೈ ಮುಗೀಬೇಕು, ಹಾಗೆ ಕೂತಿದ್ದೆ. ನಿಜವಾಗಿ ಯೋಚಿಸೋವಾಗ ನೀನು ಹಾಗೆ ಕೂರೋದೇ ಇಲ್ಲ. ಗೂನು ಹಾಕ್ಕೊಂಡು, ಜಡೆ ತುದಿ ಬಾಯಲ್ಲಿಟ್ಕೊಂಡು ಕೂರ್ತೀಯ. ಎಷ್ಟು ಬೈದರೂ ಬಿಡಲಿಲ್ಲ."

ಬುದ್ಧಿಯವರು ಎದ್ದು ಹೋಗಿ ಹಜಾರದಿಂದ ಹಲಗೆ, ಕಾಯಿ ತಂದು ಮೆಟ್ಟಿಲ ಮೇಲೆ ಇಟ್ಟರು.

"ಆವತ್ತಿನ ಹಾಗೆ ಇಡು."

ಶಾಂಭವಿ ಪದಕವನ್ನು ಮೆಟ್ಟಿಲ ಮೇಲಿಟ್ಟು ಕಾಯಿ ಜೋಡಿಸಿದಳು. ಮೂಲೆಯಲ್ಲಿ ತನ್ನ ರಾಜ. ಮುಂದೆ ಕಾಲಾಳುಗಳ ಗೋಡೆ. ಹಿಂದಿನ ಸಾಲಿನಲ್ಲಿ ಆನೆ. ಅದರ ಬಾಯಲ್ಲಿ ಮಾದೇವಿಯ ಕುದುರೆ.

"ನಿನ್ನ ನಡೆ. ಯೋಚಿಸು. ಇಲ್ಲಿ ಯಾವ ಗಡಿಯಾರವೂ ಇಲ್ಲ."

ಅವಳು ನೋಡಿದಳು. ಮೊದಲು ನೆಟ್ಟಗೆ ಕೂತಿದ್ದಳು. ಬರಬರುತ್ತ ಬೆನ್ನು ಬಾಗಿತು. ಜಡೆ ಹೆಗಲ ಮೇಲಿಂದ ಜಾರಿ ಮುಂದೆ ಬಂತು, ತುದಿ ಬಾಯಿಗೆ ಹೋಯಿತು. ಬುದ್ಧಿಯವರು ಬೈಯಲಿಲ್ಲ.

ಬಿಸಿಲು ಒಂದು ಮೆಟ್ಟಿಲೂ ಇಳಿದಿರಲಿಲ್ಲ, ಅವಳ ಕೈ ಮುಂದೆ ಹೋಯಿತು. ಕುದುರೆಯ ಕಡೆ ಹೋಗಲಿಲ್ಲ, ಆನೆಯ ಕಡೆ ಹೋಗಲಿಲ್ಲ. ರಾಜನ ಮುಂದಿದ್ದ ಮೂಲೆಯ ಕಾಲಾಳನ್ನು ಹಿಡಿದು ಒಂದು ಮನೆ ಮುಂದಕ್ಕೆ ಇಟ್ಟಿತು.

ಅಷ್ಟೇ. ಗೋಡೆಯಲ್ಲಿ ಒಂದು ಕಿಂಡಿ. ರಾಜನಿಗೆ ಉಸಿರಾಡಲು ಜಾಗ ಬಂತು. ಇನ್ನು ಮಾದೇವಿಯ ಆನೆ ನುಗ್ಗಿದರೂ ರಾಜ ಕಿಂಡಿಯಿಂದ ಆಚೆ ಹೋಗುತ್ತಾನೆ. ಕುದುರೆಗೆ ಹಿಂದೆ ಹೋಗಲು ದಾರಿಯಿಲ್ಲ, ಕಾಯುವವರಿಲ್ಲ. ಮುಂದಿನ ನಡೆಗೆ ಅದನ್ನು ನೆಮ್ಮದಿಯಾಗಿ ಕಡಿಯಬಹುದು. ಆಟ ಶಾಂಭವಿಯದು.

ಅವಳು ಹಲಗೆಯನ್ನೇ ನೋಡಿದಳು. ಬಾಯಿಂದ ಜಡೆ ಬಿದ್ದುಹೋಯಿತು.

"ಎಷ್ಟು ಹೊತ್ತಾಯ್ತು ಬುದ್ಧಿ?"

"ಅಡುಗೆಮನೇಲಿ ಒಲೆ ಮೇಲಿಟ್ಟ ಹಾಲು ಇನ್ನೂ ಉಕ್ಕಿಲ್ಲ."

"ನಾನು ಗೆಲ್ತಿದ್ದೆ."

"ಹೂಂ."

"ನಿಜವಾಗ್ಲೂ ಗೆಲ್ತಿದ್ದೆ ಬುದ್ಧಿ. ಅಷ್ಟೊಂದು ಹೊತ್ತಿತ್ತು ನನ್ನ ಹತ್ತಿರ. ಒಂದು ಸಲ ಹಲಗೆ ನೋಡಿದ್ದಿದ್ರೆ..."

"ನೋಡ್ತಾನೇ ಇದ್ದೆಯಲ್ಲ."

"ಇಲ್ಲ." ಅವಳು ಎರಡೂ ಕೈಯಿಂದ ಮುಖ ಮುಚ್ಚಿಕೊಂಡಳು. "ಕಣ್ಣು ಹಲಗೆ ಮೇಲಿತ್ತು. ನಾನು ನೋಡ್ತಿದ್ದದ್ದು ಬಾವುಟಾನ."

ಬುದ್ಧಿಯವರು ಅವಳ ಅಳು ಮುಗಿಯುವವರೆಗೆ ಹೊಳೆ ನೋಡುತ್ತ ಕೂತಿದ್ದರು.

"ಅವಳಿಗೆ ಹೇಳಿಬಿಡ್ತೀನಿ," ಎಂದಳು ಶಾಂಭವಿ ಮೂಗು ಒರೆಸಿಕೊಳ್ಳುತ್ತ. "ಕಾಲು ಹಿಡ್ಕೋತೀನಿ. ದೆಹಲಿಗೆ ಅವಳೇ ಹೋಗಲಿ."

"ಗೆದ್ದೋಳು ಅಂತ ನಿನ್ನ ಹೆಸರು ಹೋಗಿ ಆಯ್ತು. ನೀನು ಹೋಗದಿದ್ದರೆ ಅಲ್ಲಿ ಒಂದು ಕುರ್ಚಿ ಖಾಲಿ ಇರುತ್ತೆ. ಸೋತೋಳನ್ನ ಅವರು ಕರೆಯೋದಿಲ್ಲ."

"ಹಾಗಾದ್ರೆ ಹೇಳೋದಾದ್ರೂ ಹೇಳ್ತೀನಿ. ನಿಜ ಅವಳಿಗೆ ಗೊತ್ತಾಗ್ಲಿ."

"ಗೊತ್ತಾದರೆ ಅವಳಿಗೇನು ಉಳೀತು? ಜಾಗ ಹೋಯ್ತು. ಪಟ್ಟಣದಿಂದ ಅವಳು ತಂದಿರೋದು ಒಂದೇ. ಅವಳ ಕುದುರೆ ನಿನ್ನನ್ನ ಅಷ್ಟು ಹೊತ್ತು ಕಟ್ಟಿ ಕೂರಿಸ್ತು ಅನ್ನೋದು. ದಿನಾ ಮಕ್ಕಳಿಗೆ ಹೇಳ್ಕೊಂಡು ನಗ್ತಾಳೆ. ಅದನ್ನೂ ಕಿತ್ಕೋತೀಯಾ?"

"ಹಾಗಾದ್ರೆ ಹೇಳಬಾರದಾ?"

"ಹೇಳದೆ ಹೋದರೆ, ದಿನಾ ಬೆಳಗ್ಗೆ ಅವಳ ಮುಂದೆ ಕೂತು ಜಡೆ ಹಾಕಿಸ್ಕೋಬೇಕು ನೀನು."

"ಏನು ಮಾಡ್ಲಿ ಬುದ್ಧಿ? ನೀವೇ ಹೇಳಿ."

ಬುದ್ಧಿಯವರು ಬಗ್ಗಿ, ಕಲ್ಲಿನ ಮೇಲಿನ ಪಂಚೆಯನ್ನು ಮಗುಚಿ ಹಾಕಿದರು.

ಆಗ ಮೇಲಿನ ಮೆಟ್ಟಿಲಲ್ಲಿ ಕಾಲ ಸಪ್ಪಳವಾಯಿತು. ಮಾದೇವಿ ಲೋಟ ಹಿಡಿದು ಇಳಿದು ಬಂದಳು.

"ತಗೊಳ್ಳಿ ಬುದ್ಧಿ, ಹಾಲು. ಉಕ್ಕಿ ಅರ್ಧ ಒಲೆ ಕುಡೀತು, ಮಿಕ್ಕಿದ್ದು ನಿಮಗೆ. ಬೈಬೇಡಿ, ಆಮೇಲೆ ಒಲೆ ಸಾರಿಸ್ತೀನಿ."

ಲೋಟ ಕೊಡುತ್ತ ಹಲಗೆಯನ್ನು ಕಂಡಳು. ಮುಖ ಅರಳಿತು.

"ಅಯ್ಯ! ನನ್ನ ಕುದುರೆ!"

ಸೀರೆ ಎತ್ತಿ ಕಟ್ಟಿಕೊಂಡು ಅಲ್ಲೇ ಕುಕ್ಕರಗಾಲಲ್ಲಿ ಕೂತಳು. ಕೂತವಳ ಕಣ್ಣಿಗೆ ಮುಂದೆ ಸರಿದಿದ್ದ ಕಾಲಾಳು ಬಿತ್ತು.

"ಇದ್ಯಾಕೆ ಇಲ್ಲಿದೆ? ಇದು ಹಿಂದಿತ್ತಲ್ಲೇ?"

ಮಾದೇವಿ ಹಲಗೆಯ ಮೇಲೆ ಬಗ್ಗಿದಳು. ಬೆರಳಿನಿಂದ ಆನೆಯ ದಾರಿ ಗೀಚಿದಳು. ರಾಜನ ಕಿಂಡಿಯ ಹತ್ತಿರ ಬೆರಳು ನಿಂತಿತು. ಮತ್ತೆ ಕುದುರೆಯ ಹತ್ತಿರ ಬಂತು. ಸುತ್ತ ಒಂದೊಂದೇ ಮನೆ ಮುಟ್ಟಿ ನೋಡಿತು.

ಅವಳ ಮುಖದ ನಗು ಮೆಲ್ಲಗೆ ಇಳಿಯಿತು.

"ಅಯ್ಯೋ. ಇದಿತ್ತಾ?" ಎಂದಳು. "ಇದು ನನಗೆ ಹೊಳೀಲೇ ಇಲ್ವಲ್ಲೇ. ಹಾಗಾದ್ರೆ ನನ್ನ ಕುದುರೆ ಸುಮ್ಮಸುಮ್ಮನೆ ಸಾಯ್ತಿತ್ತು."

ಸ್ವಲ್ಪ ಹೊತ್ತು ಕುದುರೆಯ ತಲೆಯನ್ನು ಬೆರಳಿನಿಂದ ಸವರುತ್ತಿದ್ದಳು. ಆಮೇಲೆ ತಲೆ ಎತ್ತಿ ಶಾಂಭವಿಯನ್ನು ನೋಡಿದಳು. ಕಣ್ಣು ತುಂಬಿತ್ತು, ಆದರೆ ಅದು ಸಿಟ್ಟಲ್ಲ. ಮೆಚ್ಚಿಗೆ.

"ಆವತ್ತು ಅಷ್ಟು ಹೊತ್ತು ಕೂತು ಹುಡುಕಿದ್ದು ಇದನ್ನೇನೇ? ಎಂಥ ತಲೆ ಕಣೇ ನಿಂದು! ಇನ್ನೇನು ಆಡ್ತಿದ್ದೆ, ಅಷ್ಟರಲ್ಲಿ ನನ್ನ ಬಾವುಟ ಬಿತ್ತು, ಅಲ್ವಾ? ಸರಿ ಬಿಡು. ಗಡಿಯಾರ ಒತ್ತಿದ್ರೂ ನಾನು ಸೋಲ್ತಿದ್ದೆ. ನೀನೇ ಗೆದ್ದೆ, ಸರಿಯಾಗೇ ಗೆದ್ದೆ. ನನಗೀಗ ಸಮಾಧಾನ ಆಯ್ತು."

ಶಾಂಭವಿ ಗೆಳತಿಯನ್ನು ನೋಡಿದಳು. ಬುದ್ಧಿಯವರ ಕಡೆ ನೋಡಲಿಲ್ಲ.

"ಹೇಳೇ, ಇದನ್ನೇ ತಾನೇ ಹುಡುಕಿದ್ದು?"

"ಹೂಂ ಕಣೇ," ಎಂದಳು ಶಾಂಭವಿ. "ಇದನ್ನೇ."

ಮಾದೇವಿ ಮೆಟ್ಟಿಲ ಮೇಲಿದ್ದ ಪದಕವನ್ನು ಎತ್ತಿಕೊಂಡಳು. ಸೆರಗಿನಿಂದ ಅದನ್ನು ಒರೆಸಿದಳು. ಶಾಂಭವಿಯ ಕೊರಳಿಗೆ ಹಾಕಲು ಎರಡೂ ಕೈಯಲ್ಲಿ ಪಟ್ಟಿಯನ್ನು ಅಗಲಿಸಿ ಹಿಡಿದಳು.

ಬುದ್ಧಿಯವರು ಕುಡಿಯದ ಹಾಲಿನ ಲೋಟವನ್ನು ಕೆಳಗೆ ಇಟ್ಟರು.

"ಮಾದೇವಿ," ಎಂದರು. "ಆ ಕಾಲಾಳಿನ ನಡೆ ಯಾವಾಗ ಸಿಕ್ತು ಅಂತ ಅವಳನ್ನ ಕೇಳು."